ಮಾರಕ್ಕನ ಗಂಟಲು, ನನ್ನ ಗಂಟಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇವತ್ತು ಯಾರ ಹಾಡು ಕೇಳಲು ಹುಡುಗರು ಬೆಂಗಳೂರಿನ ಮೈದಾನಗಳಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಲ್ಲುತ್ತಾರೋ, ಆ ಮಾರಕ್ಕನ ಗಂಟಲನ್ನು ಒಂದು ಗಣಪತಿ ಸೀಜನ್ ಪೂರ್ತಿ ಗೇಲಿ ಮಾಡಿ, ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ ಜನರನ್ನು ನಗಿಸಿ, ಆ ನಗೆಯನ್ನೇ ನನ್ನ ಪ್ರತಿಭೆ ಎಂದು ತಿಳಿದುಕೊಂಡ ಮೂರ್ಖ ನಾನೇ. ಅದು ಮೊದಲನೆಯ ಮೂರ್ಖತನ. ಎರಡನೆಯದು, ಆಕೆಗೆ ಹೆಸರು ಬಂದ ಮೇಲೆ ಆ ಹೆಸರಿನಲ್ಲಿ ಅರ್ಧ ನನ್ನದು ಎಂದು ಊರೂರು ಹೇಳಿಕೊಂಡು ತಿರುಗಿದ್ದು. ಮೊದಲನೆಯದನ್ನು ಜನ ಮರೆತಿದ್ದಾರೆ. ಎರಡನೆಯದನ್ನು ಹೋದ ವಾರ ಒಬ್ಬ ಹೆಂಗಸು ಒಂದೇ ಮಾತಿನಲ್ಲಿ ಮುಗಿಸಿದರು.

ಹೋದ ವಾರ ನಮ್ಮೂರು ಆದಿವಾಲಕ್ಕೆ ಹೋದವನು ಅಪ್ಪನ ಹಳೇ ಸೈಕಲ್ ತೆಗೆದುಕೊಂಡು ಸುಮ್ಮನೆ ಬಬ್ಬೂರಿನ ಕಡೆ ಹೊರಟೆ. ಬೆಳಿಗ್ಗೆ ಒಂದು ಸಣ್ಣ ಮಳೆ ಬಂದು ಹೋಗಿತ್ತು. ಎರೆಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿಗೆ ಕಚ್ಚಿ, ಸೈಕಲ್ಲು ಮುಂದಕ್ಕೆ ಹೋಗುವುದಿಲ್ಲ ಎಂದು ನಿಂತಿತು. ಇಳಿದು ಒಂದು ಕಡ್ಡಿ ಹಿಡಿದು ಮಣ್ಣು ಕೀಳುತ್ತಿದ್ದೆ. ಆಗ ಬಂತು ವಾಸನೆ. ನೆನೆದ ಸೂರ್ಯಕಾಂತಿಯ ವಾಸನೆ. ಅದನ್ನು ಘಮ ಅನ್ನಲಾಗದು. ಸ್ವಲ್ಪ ಹಸಿ ಸೊಪ್ಪು, ಸ್ವಲ್ಪ ಎಣ್ಣೆ, ಸ್ವಲ್ಪ ಅಂಟು. ಮೂಗಿಗೆ ಹತ್ತಿದರೆ ಸಂಜೆಯವರೆಗೆ ಬಿಡುವುದಿಲ್ಲ. ಕೃಷಿ ಸಂಶೋಧನೆಯ ಫಾರಂನ ಬೇಲಿಯಾಚೆ ಸಾವಿರಾರು ಹಳದಿ ಮುಖಗಳು ತಲೆ ಬಗ್ಗಿಸಿಕೊಂಡು ನಿಂತಿದ್ದವು. ಕಾಳು ಕಟ್ಟಿ ಭಾರವಾದ ಮುಖಗಳು. ಅವುಗಳ ನಡುವೆ ನಾಲ್ಕು ಕಂಬಗಳ ಮೇಲೆ ಹಕ್ಕಿ ಕಾಯುವ ಅದೇ ಹಳೇ ಅಟ್ಟಣೆ. ನಾನು ಕಡ್ಡಿ ಹಿಡಿದುಕೊಂಡೇ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತೆನೋ. ಕಾಲದ ಒಂದು ಬಾಗಿಲು ಸದ್ದಿಲ್ಲದೆ ತೆರೆದುಕೊಂಡಂತಾಗಿ, ತೊಂಬತ್ತರ ದಶಕ ಮುಗಿಯಲಿಕ್ಕೆ ಬಂದಿದ್ದ ಆ ಭಾದ್ರಪದ ನನ್ನ ಎದುರಿಗೆ ಬಂದು ನಿಂತಿತು.

ಆಗ ನನಗೆ ಇಪ್ಪತ್ತೆರಡು. ಚಿತ್ರದುರ್ಗದ ಕೀಬೋರ್ಡ್ ಜಯಣ್ಣನ ಆರ್ಕೆಸ್ಟ್ರಾದಲ್ಲಿ ನಾನು ಮಿಮಿಕ್ರಿ ರುದ್ರೇಶ. ದಿಣ್ಣೆ ಹತ್ತಲಾರದ ಬಸ್ಸು, ಮಾಂಸದಂಗಡಿ ಮುಂದಿನ ನಾಯಿ, ನೆಗಡಿಯಾದ ಹೆಡ್‌ಮಾಸ್ತರು, ಇಷ್ಟು ನನ್ನ ಆಸ್ತಿ. ನನ್ನ ಸ್ವಂತ ಧ್ವನಿ ಯಾವುದು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಮ್ಮ ತಂಡದಲ್ಲಿ ಅದಕ್ಕೆ ಬೆಲೆಯೂ ಇರಲಿಲ್ಲ. ಆರ್ಕೆಸ್ಟ್ರಾ ಹಾಡುಗಾರ ಎಂದರೆ ಕ್ಯಾಸೆಟ್ಟಿನಲ್ಲಿರುವವರ ಗಂಟಲನ್ನು ಬಾಡಿಗೆಗೆ ತಂದವನು. ಪೋಸ್ಟರಿನಲ್ಲಿ ಯಾರದೋ ದೊಡ್ಡವರ ಹೆಸರು, ಅದರ ಹಿಂದೆ ಒಂದು 'ಜೂನಿಯರ್'. ಗಣಪತಿ ಕಮಿಟಿಯವರು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಣ್ಣು ತೆರೆದು "ಥೇಟ್ ಕ್ಯಾಸೆಟ್ ಕಣ್ರಿ" ಎಂದರೆ ಮುಂದಿನ ವರ್ಷವೂ ಕರೆಯುತ್ತಾರೆ ಎಂದರ್ಥ. ಬೇರೇನಾದರೂ ಅಂದರೆ ಇಲ್ಲ.

ಆ ವರ್ಷ ಸೀಜನ್ ಹತ್ತು ದಿನ ಇದೆ ಅನ್ನುವಾಗ ನಮ್ಮ ಹಾಡುಗಾರ್ತಿ ಮದುವೆಯಾಗಿ ಹೋದಳು. ಜಯಣ್ಣ ತಲೆಯ ಮೇಲೆ ಕೈ ಹೊತ್ತು ಕುಳಿತ. ಊರಿಗೆ ಬಂದಿದ್ದ ನಾನು ಇದೇ ಸೈಕಲ್ಲಿನಲ್ಲಿ ಇದೇ ದಾರಿಯಲ್ಲಿ ಹೋಗುತ್ತಿದ್ದೆ. ಆಗ ಅಟ್ಟಣೆಯ ಮೇಲಿಂದ ಒಂದು ಕೂಗು ಎದ್ದಿತು.

ಅದನ್ನು ಬರೆದು ತೋರಿಸಲಾರೆ. 'ಹೊಯ್ಯಾ' ಎಂದು ಶುರುವಾಯಿತು, ಅಷ್ಟು ಮಾತ್ರ ಬರೆಯಬಲ್ಲೆ. ಆಮೇಲೆ ಆ ಕೂಗು ನಡುವೆ ಒಡೆದು, ಒಡೆದ ಜಾಗದಲ್ಲೇ ಇನ್ನಷ್ಟು ಗಟ್ಟಿಯಾಗಿ, ಕಬ್ಬಿಣದ ಮೇಲೆ ಕಬ್ಬಿಣ ಎಳೆದಂತೆ ಮೇಲಕ್ಕೆ ಹೋಯಿತು. ಹೊಲದ ಮೇಲೆ ಹಾಸಿದ್ದ ಹಸಿರು ದುಪ್ಪಟಿಯನ್ನು ಯಾರೋ ಒಂದೇ ಏಟಿಗೆ ಎಳೆದಂತೆ ಗಿಣಿಗಳೆಲ್ಲ ಎದ್ದು ಹೋದವು. ಪ್ರಯೋಗದ ಹೊಲ ಅದು. ಗಿಡಗಿಡಕ್ಕೂ ಚೀಟಿ ಕಟ್ಟಿರುತ್ತಾರೆ. ಒಂದು ತೆನೆ ಹಕ್ಕಿಯ ಪಾಲಾದರೂ ಸಾಹೇಬರ ಇಡೀ ವರ್ಷದ ಬರವಣಿಗೆ ಹಾಳು. ಅದಕ್ಕೇ ಕಾಳು ಕಟ್ಟುವ ತಿಂಗಳು ಬೆಳಗಿನಿಂದ ಬೈಗಿನವರೆಗೆ ಕೂಗಲಿಕ್ಕೆಂದೇ ಒಂದು ಆಳು.

ಇಷ್ಟು ಚೆನ್ನಾದ ಸರಕು ಸಿಕ್ಕರೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ಸೈಕಲ್ ನಿಲ್ಲಿಸಿ ಆ ಕೂಗನ್ನು ಹಾಗೇ ವಾಪಸು ಕೂಗಿದೆ. ಕವಣೆ ಕಲ್ಲೊಂದು ಬಂದು ನನ್ನ ಮಡ್‌ಗಾರ್ಡಿಗೆ ಠಣ್ ಎಂದು ಬಡಿಯಿತು.

"ಯಾವನ್ಲೇ ಅವ್ನು, ನನ್ನಂಗೆ ಕೂಗೋನು?"

"ನಾನು ಗಿಣಿ!" ಎಂದೆ.

"ಗಿಣಿ ಆದ್ರೆ ಹಾರು. ಹಾರಕ್ಕೆ ಬರಲ್ಲ ಅಂದ್ರೆ ಇನ್ನೊಂದು ಕಲ್ಲು ಐತೆ."

ಹಾಗೆ ಪರಿಚಯವಾದವಳು ಮಾರಕ್ಕ. ಊರ ದೇವತೆಯ ಹೆಸರು ಹೊತ್ತ ಇಪ್ಪತ್ತರ ಹುಡುಗಿ, ತಲೆಗೆ ಟವೆಲ್ಲು, ಕೈಯಲ್ಲಿ ಕವಣೆ. ಕೂಗು ಕೂಗಿನ ನಡುವೆ ಸುಮ್ಮನಿರಲಾರದೆ ತಾನೇ ಕಟ್ಟಿದ ಒಂದು ಪದ ಹಾಡುತ್ತಿದ್ದಳು.

*ಬರಬ್ಯಾಡ ಬರಬ್ಯಾಡ ಹಸುರಂಗಿ ಗಿಣಿಯೇ,*
*ನನ್ನ ಹೊಲ ಅಲ್ಲ ಇದು, ನಿನ್ನದೂ ಅಲ್ಲ.*

"ಆರ್ಕೆಸ್ಟ್ರಾದಾಗೆ ಹಾಡ್ತೀಯೇನು?" ಎಂದು ಅರ್ಧ ತಮಾಷೆಗೆ ಕೇಳಿದೆ. ಅವಳು ನಗಲಿಲ್ಲ. ಕವಣೆಯನ್ನು ನಿಧಾನಕ್ಕೆ ಕೈಗೆ ಸುತ್ತಿಕೊಂಡು, ಕೆಳಗೆ ಕಳೆ ಕೀಳುತ್ತಿದ್ದ ಅವ್ವನ ಕಡೆ ನೋಡಿದಳು.

ಅವ್ವ ಗಿರಿಯಮ್ಮ. ಆ ಕೂಗಿನ ಮೂಲ ಅವರೇ. ಮಗಳಿಗೆ ಕಲಿಸಿದವರು. ಸೊಂಟಕ್ಕೆ ಕೈ ಕೊಟ್ಟು ಎದ್ದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಒಂದು ಸೀಜನ್ ಕಣಪ್ಪ. ಇವಳ ಬದ್ಲು ನಾನು ಮ್ಯಾಲೆ ಹತ್ತಿ ಕೂಗ್ತೀನಿ, ಮೇಸ್ತ್ರಿಗೆ ನಾನೇ ಹೇಳ್ಕಂತೀನಿ. ಗಣಪತಿ ಎಲ್ಲಾ ನೀರಿಗೆ ಬಿಟ್ಟಾದ ಮ್ಯಾಲೆ ಯಾರಾದ್ರೂ ಇವಳ ಹೆಸರು ಹಿಡ್ದು ಕೇಳ್ಕಂಡು ಬಂದ್ರೆ ಹೋಗ್ಲಿ, ಹಾಡ್ಕಳ್ಳಿ. ಯಾರೂ ಬರಲಿಲ್ಲ ಅಂದ್ರೆ ಇವಳು ಇಲ್ಲಿಗೇ ಬಂದು ಹತ್ಬೇಕು. ಆಮ್ಯಾಕೆ ಹಾಡು ಗೀಡು ಅನ್ನಂಗಿಲ್ಲ."

"ಆತು ಕಣವ್ವ" ಎಂದಳು ಮಾರಕ್ಕ. ಅಷ್ಟೇ. ಮರುದಿನ ಬಟ್ಟೆಗಂಟು ಹಿಡಿದು ಬಂದಳು.

ಚಿತ್ರದುರ್ಗದಲ್ಲಿ ಕೋಟೆಯ ಬುಡಕ್ಕೆ ಒಂದು ಎಣ್ಣೆ ಗಿರಣಿ, ಅದರ ಮಹಡಿಯ ಮೇಲೆ ನಮ್ಮ ರಿಹರ್ಸಲ್. ಗಾಳಿ ಬೆಟ್ಟದ ಬಂಡೆಗಳ ಸಂದಿಯಿಂದ ನುಗ್ಗಿ ಬಂದು ಹಾಡಿನ ಹಾಳೆಗಳನ್ನು ಹಾರಿಸುತ್ತಿತ್ತು. ಹಾಳೆಗಳ ಮೇಲೆ ಕಲ್ಲು ಇಟ್ಟುಕೊಂಡು ಹಾಡುತ್ತಿದ್ದೆವು. ಮಾರಕ್ಕ ಒಂದು ಪಲ್ಲವಿ ಹಾಡಿದ್ದೇ ಜಯಣ್ಣ ಕೀಬೋರ್ಡಿನಿಂದ ಕೈ ತೆಗೆದ.

"ಏನಮ್ಮ ಇದು ಗಂಟ್ಲು, ರಾಗಿ ಬೀಸೋ ಕಲ್ಲು ತಿರುಗಿದಂಗೈತೆ! ಜೋಗುಳ ಕಣಮ್ಮ ಇದು, ಕೂಸು ಮಲಗಬೇಕು. ನೀನು ಹಾಡಿದ್ರೆ ಪಕ್ಕದ ಮನೆ ಕೂಸೂ ಎದ್ದೇಳತ್ತೆ."

ಆಮೇಲೆ ಹೆಸರಿನ ವಿಷಯ ಬಂತು. ಮಾರಕ್ಕ ಎಂದರೆ ಪೋಸ್ಟರಿಗೆ ಒಗ್ಗುವುದಿಲ್ಲ, 'ಮಾಲಾ' ಎಂದು ಹಾಕೋಣ ಎಂದ ಜಯಣ್ಣ.

"ಬೇಜಾರು ಮಾಡ್ಕಬ್ಯಾಡ್ರಿ ಸಾರ್. ಮಾಲಾ ಅಂತ ಕರೆದ್ರೆ ನಾನು ತಿರುಗಿ ನೋಡಲ್ಲ, ಅಭ್ಯಾಸ ಇಲ್ಲ" ಎಂದಳು ಮಾರಕ್ಕ.

ಹೇಗೂ ಪೋಸ್ಟರುಗಳೆಲ್ಲ ಅಚ್ಚಾಗಿಹೋಗಿದ್ದವು. ಮದುವೆಯಾಗಿ ಹೋದವಳ ಫೋಟೋ, ಅವಳದೇ ಹೆಸರು. ಆ ಸೀಜನ್ ಪೂರ್ತಿ ಮಾರಕ್ಕ ಇನ್ನೊಬ್ಬಳ ಮುಖದ ಕೆಳಗೆ ನಿಂತು, ಮತ್ತೊಬ್ಬಳ ಹಾಡು ಹಾಡಬೇಕಾಗಿತ್ತು.

ಅವಳ ಗಂಟಲನ್ನು ಮೊದಲ ದಿನವೇ ಮೆಚ್ಚಿದವನು ತಂಡದಲ್ಲಿ ಒಬ್ಬನೇ, ಗಿಟಾರಿನ ಫಯಾಜ್. ಹಿರಿಯೂರಿನ ಹೈವೇ ಪಕ್ಕದ ಟೈರ್ ಅಂಗಡಿಯವರ ಮಗ. ಅವನ ಹತ್ತಿರ ಕಾಲಲ್ಲಿ ಒತ್ತುವ ಒಂದು ಪುಟ್ಟ ಪೆಟ್ಟಿಗೆ ಇತ್ತು. ಅದನ್ನು ಒತ್ತಿದರೆ ಗಿಟಾರು ನಯವಾಗಿ ನುಡಿಯುವುದನ್ನು ಬಿಟ್ಟು ಗರಗಸದಂತೆ ಕೊರೆಯುತ್ತಿತ್ತು. ಜಯಣ್ಣ ಅದನ್ನು ವೇದಿಕೆಯ ಮೇಲೆ ತರಕೂಡದೆಂದು ಆಣೆ ಹಾಕಿಸಿದ್ದ. ಫಯಾಜ್ ಆಣೆಯನ್ನೂ ಮುರಿಯದೆ, ಪೆಟ್ಟಿಗೆಯನ್ನೂ ಬಿಡದೆ, ಅದನ್ನು ಚೀಲದಲ್ಲಿ ಇಟ್ಟುಕೊಂಡು ಊರೂರು ತಿರುಗುತ್ತಿದ್ದ.

"ಭಾಯ್, ಈ ಪೆಟ್ಟಿಗೆ ಮಾಡೋ ಸದ್ದನ್ನ ಆಕೆ ಬರೀ ಗಂಟಲಲ್ಲಿ ಮಾಡ್ತಾಳಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದ.

ಮೊದಲ ಕಾರ್ಯಕ್ರಮ ಹಿರಿಯೂರಿನಲ್ಲಿ. ಮಾರಕ್ಕ ಜೋಗುಳ ಹಾಡಿ ಇಳಿದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿದ್ದ ಕಮಿಟಿಯವರು ಗಾಬರಿಯಿಂದ ಕಣ್ಣು ತೆರೆದರು. ಜಯಣ್ಣ ನನ್ನ ಬೆನ್ನಿಗೆ ತಿವಿದು, "ಲೇ ರುದ್ರ, ಹೋಗ್ಲೇ, ಏನಾದ್ರೂ ಮಾಡು" ಎಂದ. ನಾನು ಹೋದೆ. ಬಸ್ಸು, ನಾಯಿ, ಹೆಡ್‌ಮಾಸ್ತರು ಯಾರೂ ಬಾಯಿಗೆ ಬರಲಿಲ್ಲ. ಕಿವಿಯಲ್ಲಿ ಇನ್ನೂ ಅವಳ ಕೂಗೇ ಇತ್ತು.

"ಈಗ ಕೂಸು ಮಲಗಿಸಿದ್ದು ಯಾರು ಗೊತ್ತಾ? ಬಬ್ಬೂರಿನ ಗಿಣಿಗಳ ವೈರಿ!" ಎಂದು ಶುರು ಮಾಡಿ, ಅವಳ ಗಂಟಲಿನಲ್ಲೇ ಜೋಗುಳ ಹಾಡಿ, ಕೊನೆಗೆ ಆ ಹೊಯ್ಯಾ ಕೂಗಿಗೆ ತಂದು ನಿಲ್ಲಿಸಿದೆ.

ಅಂಥ ನಗೆಯನ್ನು ನಾನು ಹಿಂದೆ ಕೇಳಿರಲಿಲ್ಲ. ಶಿಳ್ಳೆ, ಚಪ್ಪಾಳೆ, ಒನ್ಸ್ ಮೋರ್. ಆ ನಗೆ ಬೆಚ್ಚಗೆ ಬಂದು ಎದೆಗೆ ಅಪ್ಪಳಿಸಿತು. ನಾನು ಮತ್ತೆ ಮಾಡಿದೆ, ಮರುದಿನ ಮತ್ತೆ. ಮೊದಲ ಊರಿನಲ್ಲಿ ಸ್ಪೀಕರ್ ಪೆಟ್ಟಿಗೆಯ ಹಿಂದೆ ನಿಂತಿದ್ದ ಮಾರಕ್ಕನೂ ನಕ್ಕಳು. ಮೂರನೇ ಊರಿನಲ್ಲಿ ನಗಲಿಲ್ಲ. ಐದನೇ ಊರಿನಲ್ಲಿ ನಾನು ಆ ಕಡೆ ನೋಡಲಿಲ್ಲ.

ಆ ತಿಂಗಳ ದಿನಗಳು ಈಗ ಒಂದರೊಳಗೊಂದು ಕರಗಿ ನೆನಪಾಗುತ್ತವೆ. ವ್ಯಾನಿನ ಕಿಟಕಿಯಾಚೆ ಸಜ್ಜೆ ಹೊಲ, ಮೋಡದ ನೆರಳು ಗುಡ್ಡದಿಂದ ಗುಡ್ಡಕ್ಕೆ ನಡೆದು ಹೋಗುವುದು, ನೆನೆದ ಶಾಮಿಯಾನದ ಮುಗ್ಗಲು ವಾಸನೆ, ಕಾದ ಆಂಪ್ಲಿಫೈಯರಿನ ಮೇಲೆ ಹನಿ ಬಿದ್ದರೆ ಏಳುವ ಸಣ್ಣ ಹೊಗೆ, ಎಲ್ಲ ಊರಿನ ಗಣಪತಿಗೂ ಒಂದೇ ಥರದ ಕಣ್ಣು. ವ್ಯಾನಿನ ಹಿಂದಿನ ಸೀಟಿನಲ್ಲಿ ಡ್ರಮ್ಮಿಗೆ ಒರಗಿ ಮಾರಕ್ಕ ಕುಳಿತಿರುತ್ತಿದ್ದಳು. ಗಾಜಿನ ಮೇಲೆ ಮಳೆಹನಿಗಳು ಜಾರುವುದನ್ನು ಬೆರಳಿನಿಂದ ಹಿಂಬಾಲಿಸುತ್ತಾ ಇರುವವಳು. ನಾನು ಮುಂದಿನ ಸೀಟಿನಲ್ಲಿ ಕುಳಿತು ಎಲ್ಲರನ್ನೂ ನಗಿಸುತ್ತಿದ್ದೆ. ಡ್ರೈವರನಂತೆ ಕೆಮ್ಮುತ್ತಿದ್ದೆ, ಜಯಣ್ಣನಂತೆ ಬೈಯುತ್ತಿದ್ದೆ, ಅವಳಂತೆ ಕೂಗುತ್ತಿದ್ದೆ.

ನಾಲ್ಕನೇ ವಾರಕ್ಕೆ ವಿಷಯ ಕೆಟ್ಟಿತು. ಕಮಿಟಿಯವರು ನನ್ನ ಐಟಂ ಕೇಳುತ್ತಿದ್ದರು, ಆದರೆ "ಆ ಹುಡುಗಿ ಹಾಡು ಬ್ಯಾಡ" ಎನ್ನುತ್ತಿದ್ದರು. ಅವಳು ಮೈಕಿನ ಹತ್ತಿರ ಬಂದರೆ ಸಾಕು, ಹಾಡುವ ಮೊದಲೇ ನಗೆ. ನಕಲು ಮೊದಲು ಹೋಗಿ ಕುಳಿತಿದ್ದರಿಂದ ಅಸಲಿಗೆ ಜಾಗವಿಲ್ಲ.

ಜಯಣ್ಣ ಕೆಟ್ಟವನಲ್ಲ. ಹೊಳಲ್ಕೆರೆಯ ಕಾರ್ಯಕ್ರಮಕ್ಕೆ ಎರಡು ದಿನ ಇದೆ ಅನ್ನುವಾಗ ಅವಳನ್ನು ಕರೆದು, "ನೋಡಮ್ಮ, ಗಂಟ್ಲು ನಯ ಮಾಡ್ಕ. ಆಗಲ್ಲ ಅಂದ್ರೆ ಹೊಸದುರ್ಗದ ಕಡೆ ಪ್ರೋಗ್ರಾಂ ಮುಗಿಸ್ಕಂಡು ಮನೆಗೆ ಹೋಗು. ಕೊನೇ ಎರಡು ವಾರಕ್ಕೆ ದಾವಣಗೆರೆಯಿಂದ ಬೇರೆಯವರನ್ನ ಕರೆಸ್ತೀನಿ" ಎಂದ.

ಅವಳು ನೇರ ನನ್ನ ಹತ್ತಿರ ಬಂದಳು.

"ರುದ್ರಣ್ಣ, ನೀನು ನನ್ನ ಗಂಟ್ಲು ಮಾಡ್ತೀಯಲ್ಲ, ಹಂಗೇ ಆ ಕ್ಯಾಸೆಟ್ಟಿನೋಳ ಗಂಟ್ಲು ಮಾಡದು ನಂಗೆ ಹೇಳ್ಕೊಡು."

ಹೊಳಲ್ಕೆರೆಯ ಒಂದು ಶಾಲೆಯ ಜಗಲಿಯಲ್ಲಿ ನಮಗೆ ಇಳಿಯಲು ಜಾಗ ಕೊಟ್ಟಿದ್ದರು. ಎರಡು ದಿನ ಬಿಡದೆ ಜಡಿಮಳೆ. ಹೆಂಚಿನಿಂದ ನೀರು ಸಾಲಾಗಿ ಇಳಿದು ನಮ್ಮೆದುರು ಮಣಿಪರದೆ ಕಟ್ಟಿತ್ತು. ಆ ಪರದೆಯ ಹಿಂದೆ ನಾನು ಗುರು. "ಧ್ವನಿ ಮೂಗಿಗೆ ಏರ್ಸು. ಹಲ್ಲು ಕಾಣಂಗೆ ನಗ್ತಾ ಹಾಡು. ಹೊಟ್ಟೆಯಿಂದ ತರಬ್ಯಾಡ, ಬಾಯಿ ತುದಿಯಾಗೆ ಇಟ್ಕ." ನಾನು ಜೇನು, ಕಾಳುಮೆಣಸು ತಂದುಕೊಟ್ಟೆ. ಅವಳು ಎಷ್ಟು ಬೇಗ ಕಲಿತಳೆಂದರೆ ನನಗೇ ಭಯವಾಯಿತು. ಎರಡನೇ ಸಂಜೆ ಆ ಜಗಲಿಯಲ್ಲಿ ಕುಳಿತಿದ್ದವಳು ಮಾರಕ್ಕ, ಬಾಯಿಂದ ಬರುತ್ತಿದ್ದುದು ಯಾವುದೋ ಸ್ಟುಡಿಯೋದ ತಣ್ಣನೆ ಕೋಣೆಯ ಸಕ್ಕರೆ ಧ್ವನಿ.

ಕಾರ್ಯಕ್ರಮದಲ್ಲಿ ಹಾಡಿದಳು. ಯಾರೂ ನಗಲಿಲ್ಲ. ಕಮಿಟಿಯವರು ಕಣ್ಣು ಮುಚ್ಚಿ ಕೇಳಿದರು, ಹಿಂದೆ ಕಡ್ಲೆಕಾಯಿ ಮಾರುವವನು ಮಾರುತ್ತಲೇ ಇದ್ದ, ಹೆಂಗಸರು ತಮ್ಮ ಮಾತು ಮುಂದುವರಿಸಿದರು. ಮುಗಿದ ಮೇಲೆ ಚಿತ್ರಾನ್ನ ತಿನ್ನುತ್ತಾ ಕಮಿಟಿ ಅಧ್ಯಕ್ಷರು, "ನಡುವೆ ಒಂದು ಹಾಡು ಕ್ಯಾಸೆಟ್ಟೇ ಹಾಕಿದ್ರೇನ್ರಿ?" ಎಂದು ಕೇಳಿದರು. ಜಯಣ್ಣ ಹಿಗ್ಗಿಹೋದ. ಇದಕ್ಕಿಂತ ದೊಡ್ಡ ಬಿರುದು ನಮ್ಮಲ್ಲಿ ಇರಲೇ ಇಲ್ಲ.

ವ್ಯಾನು ಹತ್ತುವಾಗ ಮಾರಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ರುದ್ರಣ್ಣ, ನಾನು ಹಾಡಿದ್ನಾ ಇವತ್ತು?"

"ಹಾಡ್ದೆ. ಏನ್ ಚೆನ್ನಾಗಿ ಹಾಡ್ದೆ!"

"ನಂಗೆ ಕೇಳಿಸ್ಲೇ ಇಲ್ಲ ಕಣಣ್ಣ."

ಬಟ್ಟೆಗಂಟನ್ನು ವ್ಯಾನಿನೊಳಗೆ ಇಟ್ಟು ಹೇಳಿದಳು: "ಹಿಂಗೇ ಹಾಡಿದ್ರೆ ಯಾರು ಬಂದು ನನ್ನ ಹೆಸ್ರು ಹಿಡ್ದು ಕೇಳ್ತಾರೆ? ಇದು ಆಕೇದು. ಅವ್ವ ಆವಾಗ್ಲೇ ತಿಂಗಳ ಮ್ಯಾಲಿಂದ ಬಿಸ್ಲಾಗೆ ನಿಂತು ಕೂಗ್ತಾ ಅದಾಳೆ. ನಾನು ಅಲ್ಲಿ ಕೂಗದೂ ಬಿಟ್ಟೆ, ಇಲ್ಲೂ ಕೂಗ್ಲಿಲ್ಲ."

ನಾನು ವ್ಯಾನು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತೆ. 

ಆದರೂ ಬುದ್ಧಿ ಬರಲಿಲ್ಲ ನೋಡಿ. ಮೂರು ದಿನ ಬಿಟ್ಟು ಹೊಸದುರ್ಗದ ಕಡೆ ಮಾಡದಕೆರೆಯಲ್ಲಿ ಕಾರ್ಯಕ್ರಮ. ಸಂಜೆ ಆರಕ್ಕೆ ಕರೆಂಟು ಹೋಗುತ್ತದೆಂದು ಮಧ್ಯಾಹ್ನ ನಾಲ್ಕಕ್ಕೇ ಶುರು. ಹಗಲು ಬೆಳಕಿನಲ್ಲಿ ನಮ್ಮ ಜರಿ ಕೋಟುಗಳ ತೇಪೆಗಳೆಲ್ಲ ಕಾಣುತ್ತಿದ್ದವು. ಮೋಡ ಒಡೆದು ಬಿಸಿಲು ಓರೆಯಾಗಿ ಬಿದ್ದಿತ್ತು. ಹೊಲದಿಂದ ನೇರ ಬಂದವರು ಕುಡುಗೋಲು ಪಕ್ಕಕ್ಕಿಟ್ಟು ಕುಳಿತಿದ್ದರು. ಮೈದಾನದ ಅಂಚಿಗೆ ದೊಡ್ಡದೊಂದು ಹುಣಸೆಮರ, ತುಂಬ ಕಾಗೆ, ಗೊರವಂಕ. ಹಕ್ಕಿಗಳ ಗಲಾಟೆಗೆ ನಮ್ಮ ಮೈಕೇ ಸಾಲದು.

ಜಯಣ್ಣ ದಾವಣಗೆರೆಗೆ ಫೋನು ಮಾಡಿಯಾಗಿತ್ತು. ನಯವಾದ ಗಂಟಲಿನಲ್ಲಿ ಇನ್ನು ಹಾಡುವುದಿಲ್ಲ ಎಂದು ಮಾರಕ್ಕ ಹೇಳಿದ್ದಳು. ಹಾಗಾದರೆ ಇದೇ ಅವಳ ಕೊನೆಯ ಊರು, ನಾಳೆ ಬಬ್ಬೂರಿನ ಬಸ್ಸು. ಇದೆಲ್ಲ ಗೊತ್ತಿದ್ದೂ, ಜನ ಚೀಟಿ ಕಳಿಸಿದರೆಂದು ನಾನು ನನ್ನ ಐಟಂ ಮಾಡಲು ಎದ್ದೆ. ಗೇಲಿ ಮಾಡುವವನಿಗೆ ಚಪ್ಪಾಳೆ ಅಂದರೆ ಅಷ್ಟು ಪ್ರಾಣ.

ಜೋಗುಳ ಬಂತು. ನಗೆ ಬಂತು. ಕೂಗಿಗೆ ಉಸಿರು ಎಳೆದುಕೊಂಡೆ. ನಾಲ್ಕು ವಾರದಿಂದ ಅವಳ ಗಂಟಲನ್ನು ನನ್ನ ಎಳೆ ಗಂಟಲಿನಲ್ಲಿ ಉಜ್ಜಿ ಉಜ್ಜಿ ಒಳಗೆಲ್ಲ ಹುಣ್ಣಾಗಿತ್ತು. ಹೊಯ್ಯಾ ಎಂದೆ. ನಡುವೆ ಹಳೇ ಪಂಚೆ ಹರಿದಂತೆ ಒಂದು ಸದ್ದು. ಆಮೇಲೆ ಬರೀ ಗಾಳಿ. ಜನ ಇದೂ ಐಟಂ ಎಂದುಕೊಂಡು ಇನ್ನೂ ಜೋರಾಗಿ ನಕ್ಕರು. ನಾನು ಮತ್ತೆ ಬಾಯಿ ತೆರೆದೆ. ಗಾಳಿ. ಕೆರೆಯಿಂದ ಹೊರಗೆ ಬಿದ್ದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಾ ನಿಂತೆ.

ಆಗ ಸ್ಪೀಕರ್ ಪೆಟ್ಟಿಗೆಯ ಹಿಂದಿನಿಂದ ಆ ಕೂಗು ಬಂತು.

ನಾನು ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಅವಳು ಎತ್ತಿಕೊಂಡಳು. ಮೈಕಿಲ್ಲ, ಏನಿಲ್ಲ. ಅದು ಒಡೆದು, ಒಡೆದ ಜಾಗದಲ್ಲಿ ಗಟ್ಟಿಯಾಗಿ, ಮೈದಾನವನ್ನು ದಾಟಿ ಹೋಯಿತು. ಹುಣಸೆಮರದಿಂದ ಕಾಗೆ ಗೊರವಂಕಗಳೆಲ್ಲ ಒಟ್ಟಿಗೇ ಎದ್ದು, ಆಕಾಶದಲ್ಲಿ ಒಂದು ಸುತ್ತು ಹಾಕಿ, ಕೆರೆಯ ಕಡೆ ಹಾರಿಹೋದವು. ಇದ್ದಕ್ಕಿದ್ದಂತೆ ಎಂಥ ನಿಶ್ಶಬ್ದ! ಆ ನಿಶ್ಶಬ್ದದೊಳಗೆ ಅವಳು ನಡೆದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡಳು. *ಬರಬ್ಯಾಡ ಬರಬ್ಯಾಡ ಹಸುರಂಗಿ ಗಿಣಿಯೇ.*

ಫಯಾಜ್ ಚೀಲದ ಜಿಪ್ ಎಳೆದ. ಪೆಟ್ಟಿಗೆಯನ್ನು ಕಾಲ ಬುಡಕ್ಕೆ ಇಟ್ಟು ಒತ್ತಿದ. ಗಿಟಾರು ಗರಗಸವಾಯಿತು. ಡ್ರಮ್ಮಿನವನು ತಬ್ಬಿಬ್ಬಾಗಿ ಒಂದು ಸಲ ಬಡಿದ, ಅವಳು ಆ ಏಟಿನ ಮೇಲೆ ಕಾಲಿಟ್ಟು ಮುಂದಿನ ಸಾಲಿಗೆ ಹೋದಳು, ಅವನು ಮತ್ತೆ ಬಡಿದ. ಜಯಣ್ಣನ ಕೈ ಗಾಳಿಯಲ್ಲಿ ನಿಂತಿತ್ತು. ನಿಂತೇ ಇತ್ತು. ಆಮೇಲೆ ನಿಧಾನಕ್ಕೆ ಇಳಿದು, ಒಂದೇ ಬೆರಳಿನಿಂದ, ಒಂದೇ ಮಂದ್ರದ ಸ್ವರವನ್ನು ಒತ್ತಿ ಹಿಡಿಯಿತು. ಹಾಡು ಮುಗಿಯುವವರೆಗೆ ಅವನು ಆ ಬೆರಳು ಎತ್ತಲಿಲ್ಲ. *ನನ್ನ ಹೊಲ ಅಲ್ಲ ಇದು, ನಿನ್ನದೂ ಅಲ್ಲ.* ಕುಡುಗೋಲು ಪಕ್ಕಕ್ಕಿಟ್ಟು ಕುಳಿತವರು ಆ ಸಾಲಿಗೆ ತಲೆ ಎತ್ತಿದರು. ಓರೆ ಬಿಸಿಲಿನಲ್ಲಿ ಅವಳ ಮುಖದ ಮೇಲಿನ ಧೂಳು ಚಿನ್ನದ ಬಣ್ಣಕ್ಕೆ ತಿರುಗಿತ್ತು. ಅದು ಎಷ್ಟು ನಿಮಿಷವೋ ನನಗೆ ಗೊತ್ತಿಲ್ಲ. ಈಗಲೂ ಕೆಲವು ಸಲ ಬೆಳಗಿನ ಜಾವದ ಅರೆನಿದ್ದೆಯಲ್ಲಿ ಅದು ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ.

ಹಾಡು ನಿಂತಿತು. ಮುಂದಿನ ಸಾಲಿನವರು ಕಣ್ಣು ಮುಚ್ಚಿರಲಿಲ್ಲ. ಆಮೇಲೆ ಕೈಯಿಂದ ಕೈಗೆ ಒಂದು ಚೀಟಿ ಬಂತು. ಬೀಡಿ ಕಟ್ಟಿನ ಕಾಗದದ ಮೇಲೆ ಬರೆದಿದ್ದರು: 'ಗಿಣಿ ಹಾಡು ಇನ್ನೊಂದು ಸಲ. ಆ ಹುಡುಗ ನಡುವೆ ಬಾಯಿ ಹಾಕಕೂಡದು.'

ಹೊಸದುರ್ಗದ ಡಾಕ್ಟರು ನನ್ನ ಗಂಟಲೊಳಗೆ ಬ್ಯಾಟರಿ ಬಿಟ್ಟು ನೋಡಿ, ಹದಿನೈದು ದಿನ ಒಂದು ಮಾತೂ ಆಡಕೂಡದು ಎಂದರು. ತಂಡಕ್ಕೆ ಹಬ್ಬವೋ ಹಬ್ಬ. ಡ್ರೈವರು ನನ್ನಂತೆ ಮಾತಾಡಲು ಶುರು ಮಾಡಿದ. ವ್ಯಾನಿನಲ್ಲಿ ಮೊದಲ ಬಾರಿಗೆ ನಾನು ಹಿಂದಿನ ಸೀಟಿಗೆ ಹೋಗಿ, ಡ್ರಮ್ಮಿನ ಇನ್ನೊಂದು ಪಕ್ಕಕ್ಕೆ ಕುಳಿತೆ. ಆ ಬೀಡಿ ಕಾಗದದ ಚೀಟಿಯ ಹಿಂಭಾಗದಲ್ಲಿ 'ತಪ್ಪಾತು ಮಾರಕ್ಕ' ಎಂದು ಬರೆದು ಕೊಟ್ಟೆ.

ಅವಳು ಅದನ್ನು ಬಿಸಿಲಿಗೆ ಹಿಡಿದು ಓದಿದಳು. "ಅಕ್ಷರ ಚೆನ್ನಾಗಿಲ್ಲ" ಎಂದಳು. ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ತಪ್ಪು ಗಿಪ್ಪು ಬ್ಯಾಡ. ಬಾಯಿ ಬಂದ ಮ್ಯಾಲೆ ಮೈಕಿನಾಗೆ ನನ್ನ ಹೆಸ್ರು ಹೇಳು. ಇರೋ ಹೆಸ್ರು. ಹೇಳಿ ಪಕ್ಕಕ್ಕೆ ಹೋಗು."

ಹದಿನಾರನೇ ದಿನ ಚಿತ್ರದುರ್ಗದಲ್ಲಿ ಮೈಕಿನ ಮುಂದೆ ನಿಂತು ನಾನಾಡಿದ ಮೊದಲ ಮಾತು 'ಮಾರಕ್ಕ'. ಯಾರ ಧ್ವನಿಯಲ್ಲೂ ಅಲ್ಲ. ನನ್ನದೇ ಇರಬೇಕು ಅದು, ನನಗೇ ಗುರುತು ಸಿಗಲಿಲ್ಲ. ಹೇಳಿ ಪಕ್ಕಕ್ಕೆ ಹೋದೆ.

ದಾವಣಗೆರೆಯವಳು ಬರಲೇ ಇಲ್ಲ. ಕೊನೆಯ ಗಣಪತಿ ನೀರಿಗೆ ಹೋದ ಮಾರನೇ ವಾರ ಎರಡು ಊರಿನವರು ಬಬ್ಬೂರಿನ ಫಾರಂ ಗೇಟಿನಲ್ಲಿ ನಿಂತು, "ಗಿಣಿ ಹಾಡಿನ ಮಾರಕ್ಕನ ಮನೆ ಯಾವ್ದು?" ಎಂದು ಕೇಳಿದರಂತೆ. ಗಿರಿಯಮ್ಮ ಅಟ್ಟಣೆಯ ಮೇಲಿಂದಲೇ ಕೈ ತೋರಿಸಿದರಂತೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಫಯಾಜ್ ಮತ್ತು ಮಾರಕ್ಕ ಜಯಣ್ಣನ ಆಶೀರ್ವಾದ ಪಡೆದು ಬೇರೆಯಾದರು. ಜಯಣ್ಣ ಆಶೀರ್ವದಿಸುತ್ತಾ, "ಆ ಪೆಟ್ಟಿಗೇನ ಮೊದಲೇ ಎಸೀಬೇಕಿತ್ತು ಕಣಯ್ಯ" ಎಂದ, ಕಣ್ಣು ಒರೆಸಿಕೊಂಡ. ಎಣ್ಣೆ ಗಿರಣಿಯ ಮಹಡಿಯ ಮೇಲೆ ಒಂದು ಕ್ಯಾಸೆಟ್ ಆಯಿತು. ಗಿರಣಿಯ ಗಡಗಡ ಸದ್ದೂ ಅದರಲ್ಲಿ ಸೇರಿತ್ತು, ಅದೇ ಚೆನ್ನಾಗಿದೆ ಎಂದು ಬಿಟ್ಟರು. ಹಿರಿಯೂರು, ಹೊಸದುರ್ಗದ ನಡುವೆ ಓಡುವ ಖಾಸಗಿ ಬಸ್ಸುಗಳಲ್ಲಿ ಮೊದಲು ಬಂತು ಅದು. ಆಮೇಲೆ ಕಾಲೇಜುಗಳ ಹುಡುಗರ ವಾಕ್‌ಮನ್‌ಗೆ ಹೋಯಿತು. ಹೊಸ ಸಾವಿರ ವರ್ಷ ಹುಟ್ಟಿ ಒಂದೆರಡು ವರ್ಷಕ್ಕೆ ಬೆಂಗಳೂರಿನಲ್ಲಿ ಎಫ್‌ಎಂ, ಅದಾದ ಮೇಲೆ ಟೀವಿ. ಪೋಸ್ಟರಿನಲ್ಲಿ ಅವಳದೇ ಮುಖ, ಅವಳದೇ ಹೆಸರು, ಹಿಂದೆ ಮುಂದೆ ಏನೂ ಇಲ್ಲ. ಅವಳ ವೀಡಿಯೋದಲ್ಲಿ ದುರ್ಗದ ಬೆಟ್ಟದ ಸಾಲಿನಲ್ಲಿ ಹೊಸದಾಗಿ ಎದ್ದ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿರುತ್ತವೆ, ಅವಳು ತಲೆಗೆ ಟವೆಲ್ಲು ಸುತ್ತಿಕೊಂಡು ಹಾಡುತ್ತಾಳೆ. ಅದನ್ನು ರಾಕ್ ಅನ್ನುತ್ತಾರೆ ಎಂದು ಪೇಪರಿನಲ್ಲಿ ಓದಿ ನಮಗೆ ಗೊತ್ತಾಯಿತು.

ನಾನು ಚಿತ್ರದುರ್ಗದ ಒಂದು ಕೇಬಲ್ ಚಾನೆಲ್ಲಿನಲ್ಲಿ ಸೀರೆ ಅಂಗಡಿ ಜಾಹೀರಾತಿಗೆ ಧ್ವನಿ ಕೊಡುತ್ತೇನೆ. ಚಾನೆಲ್ಲಿನ ಆಫೀಸಿಗೆ ಬಂದವರೆಲ್ಲರಿಗೂ, ಟೀ ಕೊಟ್ಟವರಿಗೆ ಇನ್ನೂ ವಿವರವಾಗಿ, ಹೇಳುತ್ತಿದ್ದೆ: ಸೈಕಲ್ ನಿಲ್ಲಿಸಿ ಅವಳನ್ನು ಕಂಡುಹಿಡಿದವನು ನಾನು. ಅವಳ ಕೂಗನ್ನು ವೇದಿಕೆಗೆ ಮೊದಲು ತಂದವನು ನಾನು. ನನ್ನ ಗಂಟಲು ಹರಿಯದೇ ಇದ್ದಿದ್ದರೆ ಅವಳು ಬಾಯಿ ತೆರೆಯುತ್ತಲೇ ಇರಲಿಲ್ಲ. ಲೆಕ್ಕ ಹಾಕಿ, ಅರ್ಧ ನನ್ನದು.

ಹೋದ ವಾರ ಆ ವಾಸನೆಯೊಳಗೆ ನಿಂತಿದ್ದವನನ್ನು ಅಟ್ಟಣೆಯ ಮೇಲಿಂದ ಯಾರೋ ಕರೆದರು.

"ಯಾರಪ್ಪ ಅದು? ಆದಿವಾಲದ ಕೋತಿ ಅಲ್ಲೇನು? ಬಾ, ಹತ್ತು ಮ್ಯಾಕೆ."

ಗಿರಿಯಮ್ಮ. ಕೂದಲು ಪೂರ್ತಿ ಬಿಳಿ, ಕವಣೆ ಹೊಸದು. ಮಗಳು ಊರಲ್ಲಿ ತಾರಸಿ ಮನೆ ಕಟ್ಟಿಸಿ, ಬೆಂಗಳೂರಿಗೂ ಕರೆದು ಸಾಕಾಗಿದ್ದಾಳೆ. ಈಯಮ್ಮ ಕಾಳು ಕಟ್ಟುವ ತಿಂಗಳು ಬಂತೆಂದರೆ ಫಾರಂಗೆ ಬಂದು ಅಟ್ಟಣೆ ಹತ್ತುತ್ತಾರೆ. ನಾನು ಏಣಿ ಹತ್ತಿ ಪಕ್ಕದಲ್ಲಿ ಕುಳಿತೆ. ಮೇಲಿಂದ ಹೊಲ ಹಳದಿ ನೀರಿನಂತೆ ಅಲೆಯುತ್ತಿತ್ತು. ಒಂದು ಮೂಲೆಯಲ್ಲಿ ಗಿಣಿಗಳ ಹಿಂಡು ಆಗಷ್ಟೇ ಇಳಿದು ತೆನೆಗೆ ಬಾಯಿ ಹಾಕಿತ್ತು. ಎಲೆ ಅಡಿಕೆ ಕೊಟ್ಟರು. ಮಾತಿಗೆ ಮಾತು ಬಂತು. ನನ್ನ ಅರ್ಧದ ಪುರಾಣವನ್ನು ಅವರಿಗೂ ಹೇಳಿದೆ. ಅವರು ಜಗಿಯುತ್ತಾ ಪೂರ್ತಿ ಕೇಳಿದರು.

"ಈಗ್ಲೂ ಬರತ್ತೇನು ಅವಳ ಕೂಗು?" ಎಂದರು.

"ಬರದೇ ಏನಮ್ಮ! ಕಣ್ಣು ಮುಚ್ಚಿ ಕೇಳ್ರಿ, ಮಗಳೇ ಬಂದಂಗೆ ಅನ್ನಿಸ್ಬೇಕು."

ಅವರು ಕಣ್ಣು ಮುಚ್ಚಲಿಲ್ಲ. ಕವಣೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕೂಗು ಮತ್ತೆ" ಎಂದರು.

ನಾನು ಎದ್ದು ನಿಂತು, ಹೊಟ್ಟೆಯ ಬುಡದಿಂದ ಉಸಿರೆಳೆದು ಕೂಗಿದೆ. ಇಷ್ಟು ವರ್ಷಗಳಲ್ಲಿ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಒಡೆಯಬೇಕಾದಲ್ಲಿ ಒಡೆಯಿತು, ಗಟ್ಟಿಯಾಗಬೇಕಾದಲ್ಲಿ ಗಟ್ಟಿಯಾಯಿತು. ಆಚೆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿಕೊಂಡು ತಿರುಗಿದರು. "ಮಾರಕ್ಕ ಬಂದ್ಲೇನೇ!" ಎಂದು ಒಬ್ಬಳು ಕೂಗಿಯೇ ಬಿಟ್ಟಳು. ನಾನು ಗೆದ್ದ ಮುಖ ಮಾಡಿಕೊಂಡು ಗಿರಿಯಮ್ಮನ ಕಡೆ ನೋಡಿದೆ.

ಅವರು ನನ್ನನ್ನು ನೋಡುತ್ತಿರಲಿಲ್ಲ. ಹೊಲದ ಮೂಲೆಯನ್ನು ನೋಡುತ್ತಿದ್ದರು. ಎಲೆ ಅಡಿಕೆ ಉಗಿದು, ಬಾಯಿ ಒರೆಸಿಕೊಂಡು, ಕವಣೆಗೆ ಕಲ್ಲು ಹಾಕುತ್ತಾ ಹೇಳಿದರು:

"ಜನ ತಿರುಗಿ ನೋಡಿದ್ರು ಕಣಪ್ಪ, ಸುಳ್ಳಲ್ಲ. ಆದ್ರೆ ಗಿಣಿ ತಿಂತಾನೇ ಅವೆ."